ಮುಖವಿಲ್ಲದ ಕರೆ

“ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ ನೀನು. ಹೆತ್ತ ತಾಯಿಗೆ ಮುಖ ತೋರಿಸೋಕೂ ಲೆಕ್ಕ ಹಾಕ್ತೀಯಲ್ಲೋ.”

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ವೆಲ್ಡರ್‌ಗೆ ಅವನ ಭಾವ ಎಲ್ಲರೆದುರೇ ಬೈದ. ಜೊತೆಗೆ ಬಂದಿದ್ದ ಕೆಲಸದವರು ಕಿಸಕ್ಕೆಂದರು. ಅವರಲ್ಲೊಬ್ಬನಾಗಿ ಪಕ್ಕದಲ್ಲೇ ಕೂತಿದ್ದ ನನಗೆ ಮೈಯುರಿಯಿತು. ಬೈಸಿಕೊಂಡವನ ಎಡಗಣ್ಣಿಗೆ ಪಟ್ಟಿ ಕಟ್ಟಿತ್ತು.

“ಈ ಪರದೇಶದಲ್ಲಿ ವಿಡಿಯೊ ಹಾಕಿದ್ರೆ ಡೇಟಾ ನುಂಗಿಬಿಡುತ್ತೆ ಭಾವ. ಬರೀ ಮಾತಾಡಿದ್ರೆ ಉಳಿಯುತ್ತೆ.”

“ಇಲ್ಲಿ ವೈಫೈ ಪುಕ್ಕಟೆ. ಈಗ್ಲೇ ಹಾಕು. ಅತ್ತೆ ದಿನಾ ಊರಿಂದ ಫೋನ್ ಮಾಡಿ ನನ್ನನ್ನ ಕೇಳ್ತಾರೆ, ಇನ್ನೆಷ್ಟು ಸುಳ್ಳು ಹೇಳ್ಲಿ?”

“ಅಮ್ಮ ನೋಡಿದ್ರೆ ಎದೆ ಒಡ್ಕೋತಾಳೆ.”

“ಹಂಗಾದ್ರೆ ಡೇಟಾ ಅಂದಿದ್ದು ನೆಪ.”

“ಪಟ್ಟಿ ಬಿಚ್ಚಿದ ಮೇಲೆ ತೋರಿಸ್ತೀನಿ.”

ಭಾವನ ದನಿ ಇಳಿಯಿತು. “ಬಿಚ್ಚಿದ್ರೆ ಕಣ್ಣು ವಾಪಸ್ ಬರುತ್ತೇನೋ?”

ನರ್ಸ್ ಕರೆದಳು. ವೆಲ್ಡರ್ ಫೋನನ್ನು ಜೇಬಿಗಿಳಿಸಿ, ಗೋಡೆ ಸವರಿಕೊಂಡು ಒಳಗೆ ಹೋದ.