ಅತ್ತಿಗೆಯ ಕೆಮಿಸ್ಟ್ರಿ ಪರೀಕ್ಷೆ

೨೦೦೧ರಲ್ಲಿ ತಿ. ನರಸೀಪುರದ ಬಸ್ ನಿಲ್ದಾಣದಲ್ಲಿ ಕೇಳಿದ್ದು. ಕೂಸು ಎತ್ತಿಕೊಂಡಿದ್ದ ಅತ್ತಿಗೆಗೆ ನಾದಿನಿ ಪಾಠ ಹೇಳುತ್ತಿದ್ದಳು.

“ಒಂದು ಲೀಟರಲ್ಲಿ ಹೈಡ್ರೋಜನ್ ಎರಡು ಮೋಲು, ಅಯೋಡಿನ್ ಒಂದು, ಹೈಡ್ರೋಜನ್ ಅಯೋಡೈಡ್ ನಾಕು. ರಿಯಾಕ್ಷನ್ ಕೋಶೆಂಟು, ಅಂದ್ರೆ ಕ್ರಿಯೆಯ ಭಾಗಲಬ್ಧ, ಎಷ್ಟು ಅತ್ಗೆ?”

“ಎರಡೊಂದ್ಲ ಎರಡು. ನಾಕ್ನ ಎರಡ್ರಿಂದ ಭಾಗ್ಸುದ್ರೆ ಎರಡು.”

“ಅಯೋಡೈಡ್ ಎರಡು ಅಣು ಬರ್ತವಲ್ಲ, ಮೊದ್ಲು ನಾಕ್ನ ವರ್ಗ ಮಾಡ್ಬೇಕು.”

“ಅಯ್ಯೋ, ಊಂ ಕಣಮ್ಮಿ. ಹದಿನಾರ್ನ ಎರಡ್ರಿಂದ ಭಾಗ್ಸುದ್ರೆ ಎಂಟು.”

“ಸಮತೋಲನ ಆಗೋದು ಐವತ್ತಕ್ಕೆ. ಈಗ ಯಾವ ಕಡೀಕೆ ಓಯ್ತದೆ?”

“ಎಂಟು ಐವತ್ಗಿಂತ ಕಮ್ಮಿ ಆಯ್ತಲ್ಲ, ಮುಂದ್ಕೆ. ಅಯೋಡೈಡ್ ಇನ್ನೂ ಜಾಸ್ತಿ ಆಯ್ತದೆ.”

“ಸರಿಯಾಗಿ ಅದೆ. ಅಣ್ಣಂಗೆ ಏನೇಳಿ ಬಂದ್ರಿ?”

“ತವರ್ಗೆ ಓಯ್ತೀನಿ ಅಂದೆ. ಪಾಸಾಗ್ಲಿ, ನರ್ಸಿಂಗ್ ಸೇರೋವಾಗ ನಿಜ ಯೋಳ್ತೀನಿ. ಪರೀಕ್ಷೆ ಒತ್ನಲ್ಲಿ ಕೂಸು ಅತ್ರೆ?”

“ಕಾಲೇಜು ಗೇಟತ್ರ ನಾನಿರ್ತೀನಿ. ಕಳ್ದ ಸಲದಂಗೆ ಅರ್ಧಕ್ಕೇ ಎದ್ದು ಬರ್ಬೇಡಿ.”

ಮೈಸೂರಿನ ಬಸ್ ಬಂತು. ಅತ್ತಿಗೆ ಕೂಸನ್ನು ನಾದಿನಿಯ ಕೈಗೆ ಕೊಟ್ಟು, ನೋಟ್ಸ್ ತೆಗೆದುಕೊಂಡು ಮೊದಲು ಹತ್ತಿದಳು.