ಹೆಣದ ಮುಂದಿನ ಹಾಡು

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಸುನೀತಾ ಬಿಸಿ ಭಜಿ ತಿನ್ನುತ್ತ ಇಂಡಿ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಕಲ್ಲುಬೆಂಚಿನಲ್ಲಿ, ಹಾಡು ಸಂಗ್ರಹಿಸುವ ಶ್ರೀವಲ್ಲಭ ಮಾಸ್ತರರು ಕುರಿ ಕಾಯುವ ಸಾತವ್ವನ ಕಿವಿಗೆ ಮೊಬೈಲು ಹಿಡಿದಿದ್ದರು. ಅದರೊಳಗಿಂದ ಹಾರ್ಮೋನಿಯಂ, ತಬಲಾ, ಶಾಲೆಯ ಹುಡುಗಿಯರ ದನಿ.

“ನಿಮ್ಮ ಹಾಡ ಕೇಳ್ರಿ ಸಾತವ್ವ. ನಾನ ಬರಕೊಂಡು, ಸ್ವರ ಹಾಕಿ ಕಲಿಸೇನಿ. ಮೊದಲನೇ ಬಹುಮಾನ ಬಂತು.”

“ಇದು ನನ್ನ ತಮ್ಮನ ಹೆಣದ ಮುಂದ ನಾ ಅತ್ತದ್ದಲ್ಲೇನ್ರಿ ಮಾಸ್ತರ? ಅವತ್ತು ಅದನ್ನ ಮೊಬೈಲದಾಗ ಹಿಡಕೊಂಡಿದ್ರೇನು?”

“ಹೌದು. ಬಿಕ್ಕಿದ್ದೆಲ್ಲಾ ತಗದು, ಹಾಡಷ್ಟ ಬರದೇನಿ.”

“ನಮ್ಮ ಮನಿದೇವ್ರು ಅಮೋಘಸಿದ್ಧನ ಹೆಸರು?”

“ತಾಳಕ್ಕ ಕೂಡಲಿಲ್ಲ, ಬಿಟ್ಟೆ.”

ಸುನೀತಾ ಭಜಿಯ ಪೊಟ್ಟಣ ಮಡಚಿಟ್ಟಳು; ಸಾತವ್ವ ಕಿವಿಯ ಬಳಿಯ ಮೊಬೈಲನ್ನು ಆಚೆ ತಳ್ಳಿದಳು.

“ಹಂಗ ಅತ್ತ ಹಾಡು ತಿರುಗಿ ಬಾಯಾಗ ತರಬಾರದ್ರಿ. ಹೆಣದ ಜೋಡೀನ ಮಣ್ಣಿಗಿ ಹೋಗಬೇಕು.”

“ಹೋಗಿಬಿಟ್ರ ಮುಂದಿನವರಿಗೆ ಏನ ಉಳೀತದ? ಅಂದಂಗ, ನಿಮ್ಮವ್ವಗ ಭಾಳ ಜಡ್ಡಾಗ್ಯದಂತಲ್ಲ? ಏನರ ಆದ್ರ ಒಂದು ಫೋನ್ ಮಾಡ್ರಿ. ಈ ಸಲ ಚಲೋ ಮೈಕ ತರ್ತೀನಿ.”

ಬಸ್ಸು ಬಂತು. ಸಾತವ್ವ ಎದ್ದು, ಮಾಸ್ತರರ ಚಪ್ಪಲಿಯ ಮುಂದೆ ಥೂ ಎಂದು ಉಗುಳಿದಳು.

“ಇದನ್ನೂ ಬರಕೊಳ್ರಿ,” ಎಂದು ಸೆರಗು ಕೊಡವಿಕೊಂಡು ಬಸ್ಸು ಹತ್ತಿದಳು.