ಗುರುವಯ್ಯನ ಜೋಡಿಕೋಲು

...ಕೋಲಾ? ಸಂಸೆಯಿಂದ ಇಷ್ಟು ದೂರ ನಡೆದು ಬಂದದ್ದು ಒಂದು ಕೋಲಿಗಾ? ನಾನು ಏನೇನೋ ಅಂದ್ಕೊಂಡೆ ಗುರುವಣ್ಣ. ಮಗಳ ಮದುವೆಗೆ ಕರೆಯೋಕೆ ಬಂದಿರಬೇಕು, ಇಲ್ಲಾ ಯಾರೋ ತೀರಿಕೊಂಡಿರಬೇಕು ಅಂತ. ಕೋಲಂತೆ... ಕೂತ್ಕೊ ಮಾರಾಯ, ನಿಂತೇ ಇರಬೇಡ. ಜಗಲಿ ನಿನಗೆ ಹೊಸದಲ್ಲವಲ್ಲ. ಹೋದ ವರ್ಷದವರೆಗೆ ನೀನೇ ಕೂರ್ತಿದ್ದ ಜಗಲಿ. ಆಗ ನೀನು ಮೇಸ್ತ್ರಿ, ಈಗ ನಾನು ಮೇಸ್ತ್ರಿ. ಎಸ್ಟೇಟಿನ ಮನೆ ಮೇಸ್ತ್ರಿಗೆ ಸೇರಿದ್ದು, ಹೆಸರಿಗೆ ಸೇರಿದ್ದಲ್ಲ.

ದ್ಯಾವೀ, ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಾ. ಗುರುವಣ್ಣ ಬಂದಿದ್ದಾನೆ.

ಏನು ನೋಡ್ತೀಯ? ಹೌದು, 'ಬಂದಿದ್ದಾನೆ' ಅಂದೆ. ಹನ್ನೊಂದು ವರ್ಷ 'ಬನ್ನಿ, ಹೋಗಿ' ಅಂದದ್ದು ಸಾಕು. ಆಗ ನಾನು ನಿನ್ನ ಕೈಕೆಳಗೆ ಇದ್ದೆ, ಅಂತಿದ್ದೆ. ಈಗ ಇಲ್ಲ, ಅನ್ನಲ್ಲ. ಇದರಲ್ಲಿ ಬೇಜಾರು ಮಾಡ್ಕೊಳ್ಳೋಕೆ ಏನಿದೆ?

ಆ ಟವೆಲಿನಲ್ಲಿ ಸುತ್ತಿಕೊಂಡು ಬಂದಿರೋದು ಏನು? ಓ, ನಿನ್ನ ಕೋಲು. ಅದನ್ನ ಇನ್ನೂ ಹೊತ್ಕೊಂಡು ತಿರುಗ್ತೀಯ? ಮಗುವನ್ನ ಸುತ್ತಿದ ಹಾಗೆ ಸುತ್ತಿದ್ದೀಯಲ್ಲ. ಒಂದು ಆಳುದ್ದದ ಹಲಸಿನ ಮರದ ಕೋಲು, ಅದಕ್ಕೆ ಆರು ಕಚ್ಚು. ಇಷ್ಟೇ ತಾನೆ? ಅದಕ್ಕೆ ಅವಳಿ ಇನ್ನೊಂದು ನನ್ನ ಹತ್ತಿರ ಇತ್ತು. ಅದು ಬೇಕು ಅಂತೀಯ.

ಯಾಕೆ ಅಂತ ಕೇಳಿದರೆ ನೀನು ಕೊಟ್ಟ ಕಾರಣ ಅದಕ್ಕಿಂತ ಚೆನ್ನಾಗಿದೆ. ಸೋಮಶೇಖರಪ್ಪನವರು ಸಂಸೆಯಲ್ಲಿ ಹೊಸ ಮನೆ ಕಟ್ಟಿಸ್ತಿದ್ದಾರೆ, ಹಂಚು ಹೊದಿಸೋ ಕೆಲಸ ನಿನಗೇ ಅಂತ ಕರೆದು ಹೇಳಿದ್ದಾರೆ. ಸರಿ, ಹೋಗಿ ಹೊದಿಸು. ಬೇಡ ಅಂದವರು ಯಾರು? ಕೋಲು ಬೇಕಾದರೆ ಹೊಸದು ಕೆತ್ಕೊ, ಹಲಸಿನ ಮರಕ್ಕೆ ಬರವಾ? ಆದರೆ ನೀನು ಏನಂದೆ ಅವರಿಗೆ? ಹೋದ ವರ್ಷ ಕಾಫಿ ಸ್ಟೋರಿನ ಹಂಚಿನ ಮಾಡು ಸೊಟ್ಟ ಹೋದದ್ದು ನನ್ನ ಕೈಯಿಂದಲಾ ಅಲ್ಲವಾ ಅಂತ ತಿಳಿಯೋವರೆಗೆ ಏಣಿ ಹತ್ತಲ್ಲ, ಎರಡೂ ಕೋಲನ್ನ ಜೊತೆಗಿಟ್ಟು ನೋಡಿ ಬರ್ತೀನಿ, ಅಂತ. ಈಗ ತಾನೆ ನಿನ್ನ ಬಾಯಿಂದಲೇ ಬಂತಲ್ಲ. ವರ್ಷಕ್ಕೊಂದು ಮಾತಾಡೋನು, ಈ ವರ್ಷದ್ದು ಅದಕ್ಕೆ ಖರ್ಚು ಮಾಡಿದೆ.

ತಿಳ್ಕೊಳ್ಳೋಕೆ ಏನಿದೆ ಗುರುವಣ್ಣ? ನಿನಗೆ ವಯಸ್ಸಾಯ್ತು. ಕಣ್ಣಿಗೆ ಪೊರೆ ಬಂತು. ಇದನ್ನ ಎಸ್ಟೇಟಿನ ದೊರೆಗಳು ಹೇಳಿದರು, ರೈಟರ್ ಶೇಷಪ್ಪ ಹೇಳಿದರು, ಪಾಪ ನಾನೂ ಹೇಳಿದೆ. ಮೂರು ಜನ ಹೇಳಿದ ಮೇಲೂ ಕೋಲನ್ನ ಕೇಳಬೇಕಾ?

ಬಂತು ನೋಡು ನೀರು. ಅಲ್ಲಿಡೇ, ಅವನ ಪಕ್ಕದಲ್ಲಿ. ಕುಡಿ ಗುರುವಣ್ಣ.

ಆಮೇಲೆ ಕುಡೀತೀಯಾ? ಸರಿ.

ನಾನು ಮೊದಲಿಂದಲೂ ಹೇಳ್ತಿದ್ದೆ, ಈ ಕೋಲಿನ ಸಹವಾಸ ಬೇಡ ಅಂತ. ಮನಸ್ಸಲ್ಲಿ ಹೇಳ್ತಿದ್ದೆ, ನಿನ್ನೆದುರು ಅಲ್ಲ. ಏನು ಆಟ ಅದು. ಮಂಗಳೂರಿಂದ ಚಾರ್ಮಾಡಿ ಘಾಟಿ ಹತ್ತಿ ಹಂಚಿನ ಗಾಡಿ ಬಂದ ಕೂಡಲೆ ನೀನು ಅಂಗಳದಲ್ಲಿ ಹಂಚು ಜೋಡಿಸ್ಕೊಂಡು ಕೂರ್ತಿದ್ದೆ. ಒಂದು ಸಲ ಹಂಚುಗಳನ್ನ ಆದಷ್ಟು ಎಳೆದು ಅಳೆಯೋದು, ಒಂದು ಸಲ ಆದಷ್ಟು ಒತ್ತಿ ಅಳೆಯೋದು, ಎರಡರ ನಡುವಿನ ಅಳತೆ ತೆಗೆದು ಕೋಲಿನ ಕಚ್ಚಿಗೆ ಹಿಡಿದು ನೋಡೋದು. ಯಾಕೆ ಅಂದರೆ ಒಂದು ಕಾರ್ಖಾನೆ ಹಂಚಿನ ಹಾಗೆ ಇನ್ನೊಂದು ಕಾರ್ಖಾನೆ ಹಂಚು ಇರಲ್ಲ. ನಮಗೆ ಬರ್ತಿದ್ದದ್ದು ಒಂದೇ ಕಾರ್ಖಾನೆಯದು, ಅದಕ್ಕೇ ಹನ್ನೊಂದು ವರ್ಷವೂ ಅದೇ ಆರು ಕಚ್ಚು. ನಿನಗೆ ಗೊತ್ತಿರೋದನ್ನೇ ಹೇಳ್ತಿದ್ದೀನಿ ಅಂತ ಹಾಗೆ ನೋಡಬೇಡ. ಬಿಡಿಸಿ ಹೇಳೋದು ನನ್ನ ಅಭ್ಯಾಸ, ಮೇಸ್ತ್ರಿ ಆದವನು ಎಲ್ಲರಿಗೂ ಬಿಡಿಸಿ ಹೇಳಲೇಬೇಕು. ಆಮೇಲೆ ಮಾಡಿನ ಎಡ ಕೊನೆಯಲ್ಲಿ ಒಂದು ಕೋಲು ಹಿಡಿದು ನೀನು, ಬಲ ಕೊನೆಯಲ್ಲಿ ಅವಳಿ ಕೋಲು ಹಿಡಿದು ನಾನು. ಕೋಲಿನ ಬುಡವನ್ನ ಸೂರಿನಂಚಿಗೆ ಕೊಟ್ಟು, ಕಚ್ಚು ಇದ್ದಲ್ಲೆಲ್ಲ ಮಾಡಿನ ಇಳಿಜಾರು ಮರಕ್ಕೆ, ಪಕಾಸಿಗೆ, ಗುರುತು. ಆರು ಗುರುತಾದ ಮೇಲೆ ಕೊನೇ ಗುರುತಿಗೆ ಬುಡ ಕೊಟ್ಟು ಮತ್ತೆ ಆರು. ನಿನ್ನ ಗುರುತಿಂದ ನನ್ನ ಗುರುತಿಗೆ ಕಾವಿ ಹಚ್ಚಿದ ದಾರ ಎಳೆದು ಮೀಟೋದು, ಆ ಗೆರೆ ಮೇಲೆ ಅಡ್ಡಪಟ್ಟಿ, ರೀಪು, ಹೊಡೆಯೋದು, ರೀಪಿನ ಮೇಲೆ ಹಂಚು ಕೂರಿಸೋದು. ಕೋಲು ಎರಡೂ ಒಂದೇ ಇದ್ದರೆ ಸಾಲು ನೆಟ್ಟಗೆ. ಇದಕ್ಕೆ ಜನ, 'ಗುರುವಯ್ಯನ ಕೈ, ಗುರುವಯ್ಯನ ಕಣ್ಣು' ಅಂತ ಹೊಗಳೋದು. ಕೈ ಎಲ್ಲಿ ಬಂತು, ಕಣ್ಣು ಎಲ್ಲಿ ಬಂತು? ಕುರುಡನಿಗೆ ಕೊಟ್ಟರೂ ಆಗೋ ಕೆಲಸ.

ನಗ್ತೀಯಾ? ಯಾಕೆ ನಗ್ತೀಯ?

ಹಾಂ... ಕುರುಡನಿಗೆ ಕೊಟ್ಟರೂ ಆಗೋದಾದರೆ ನನ್ನ ಪೊರೆ ಬಂದ ಕಣ್ಣಿಗೆ ಯಾಕೆ ಆಗಲಿಲ್ಲ ಅಂತ. ಬಾಯಿ ಬಿಡದೆ ವಾದ ಮಾಡ್ತೀಯ ನೀನು. ಕೋಲು ಸರಿಯಿದ್ದರೆ ಆಗುತ್ತೆ ಅಂದೆ. ಕೋಲು ಕೆತ್ತಿದವನು ನೀನು. ನಾನಲ್ಲ. ನೀನು ಕೊಟ್ಟ ಕೋಲನ್ನ ನೀನು ಹೇಳಿದಲ್ಲಿ ಇಟ್ಟೆ, ಅಷ್ಟೇ ನನ್ನ ಪಾಲು.

ಅಲ್ಲಿ ನೋಡು, ಕಣದ ಆಚೆ. ಕಾಣುತ್ತಾ ಸ್ಟೋರಿನ ಮಾಡು? ಈಗ ನೋಡು ಸಾಲು. ಅವತ್ತು ಹೇಗಿತ್ತು? ಕೆಳಗಿನ ಸಾಲು ನೆಟ್ಟಗಿತ್ತು, ಮೇಲೆ ಹೋದ ಹಾಗೆಲ್ಲ ಬಲ ಕೊನೆ ಕೆಳಕ್ಕೆ ಜಾರಿಕೊಂಡು, ನೆತ್ತಿಯ ಹಂಚು ಆ ಕೊನೆಯಲ್ಲಿ ಮುಚ್ಚಲೇ ಇಲ್ಲ. ಮೊದಲ ಮಳೆಗೇ ನೀರು ಒಳಗೆ. ಮೂರು ಮೂಟೆ ಪಾರ್ಚ್‌ಮೆಂಟ್ ಕಾಫಿ ಬೀಜ ನೆನೆದು ನಾತ ಬಂತು. ದೊರೆಗಳು ಎದುರಿನ ಗುಡ್ಡದ ಮೇಲೆ ನಿಂತು ನೋಡಿ, ಯಾವ ಕುಡುಕ ಹೊದಿಸಿದ್ದು ಇದನ್ನ ಅಂದರು. ಆ ಹೊತ್ತಿಗೇ ನಿನ್ನನ್ನ ಕಳಿಸಿದರು. ನಿನ್ನ ಕೋಲು ನೀನು ಎತ್ಕೊಂಡು ಹೋದೆ, ನನ್ನ ಕೋಲು ನನ್ನ ಕೈಯಲ್ಲೇ ಉಳೀತು.

ಆಮೇಲೆ ಸರಿ ಮಾಡಿದವನು ಯಾರು? ನಾನು. ಹದಿನೈದು ದಿನ. ದೊರೆಗಳು ಕೇಳಿದರು, ಪೂರಾ ಮಾಡು ಮತ್ತೆ ಅಳೀಬೇಕಾ ಅಂತ. ಬೇಡ ದೊರೆ ಅಂದೆ. ಎಡಗಡೆ ಗುರುತು ಮುಟ್ಟಲೇ ಇಲ್ಲ ನಾನು. ಬಲಗಡೆ ಮಾತ್ರ, ಆರು ಸಾಲಿಗೊಂದು ಸಲ ಅರ್ಧ ಬೆರಳು ಮೇಲಕ್ಕೆತ್ತಿದೆ, ಅಷ್ಟೇ. ಕೂತುಬಿಡ್ತು. ಒಂದು ಕೋಲಿಲ್ಲ, ಗೀಲಿಲ್ಲ. ದೊರೆಗಳು ಆವತ್ತೇ ಅಂದರು, ಚೌಡಯ್ಯನೇ ಮೇಸ್ತ್ರಿ ಅಂತ. ಇದಕ್ಕೆ ಕಣ್ಣು ಅನ್ನೋದು.

ಏನು? ಯಾಕೆ ಹಾಗೆ ನೋಡ್ತೀಯ?

ಅರ್ಧ ಬೆರಳು ಅಂತ ಹೇಗೆ ಗೊತ್ತಾಯ್ತು ಅಂತಲಾ... ಗೊತ್ತಾಯ್ತು. ಕಣ್ಣಿದ್ದವನಿಗೆ ಗೊತ್ತಾಗುತ್ತೆ. ಬಿಡು ಅದನ್ನ.

ಕೋಲು ಕೇಳಿದೆಯಲ್ಲ, ಇಲ್ಲ ಅದು. ಹೋದ ಮಳೆಗಾಲದಲ್ಲಿ ಸೌದೆ ಒದ್ದೆಯಾಗಿತ್ತು, ಒಲೆಗೆ ಹೋಯ್ತು. ನಾನೇ ಮುರಿದು ಇಟ್ಟೆ. ನೆನಪಿದೆ ನನಗೆ. ಚೆನ್ನಾಗಿ ಉರೀತು. ನಿನ್ನ ಕೋಲಿಂದ ನನ್ನ ಮನೆಗೆ ಆದ ಉಪಯೋಗ ಅದೊಂದೇ, ಒಂದು ಹೊತ್ತಿನ ಗಂಜಿ ಬೆಂತು. ಈಗ ನೀರು ಕುಡಿದು ಹೊರಡು, ಹೊತ್ತಾದರೆ ಸಂಸೆ ದಾರಿಯಲ್ಲಿ ಆನೆ...

ಏನೇ ಅದು, ದ್ಯಾವೀ? ಕೈಯಲ್ಲಿ ಏನು?

ಎಲ್ಲಿತ್ತು?

ಅಟ್ಟದ ಮೇಲಾ... ಹಳೇ ಚಾಪೆ ಸುರುಳಿಯ ಒಳಗಾ. ನೋಡು ಗುರುವಣ್ಣ, ಇತ್ತಂತೆ. ನನಗೆ ನೆನಪೇ ಇರಲಿಲ್ಲ. ಒಲೆಗೆ ಇಟ್ಟದ್ದು ಬೇರೆ ಯಾವುದೋ ಕೋಲಿರಬೇಕು. ಹೌದು, ಇದನ್ನ ಇಡೋಕೆ ಹೋಗಿದ್ದೆ, ಕೈ ಬರಲಿಲ್ಲ. ಹನ್ನೊಂದು ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಕಂಡ ಕೋಲು, ನನ್ನ ಕೈಯಿಂದಲೇ ಹೂವು ಇಟ್ಟದ್ದು. ಉರಿಗೆ ಹಾಕೋಕೆ ಆಗುತ್ತಾ? ಅದಕ್ಕೇ ಅಟ್ಟಕ್ಕೆ... ನೀನು ಒಳಗೆ ಹೋಗೇ. ಕೇಳದೆ ತಂದುಕೊಟ್ಟೆ, ದೊಡ್ಡ ಕೆಲಸ ಮಾಡಿದೆ. ಹೋಗು.

ತಗೋ. ನೋಡು. ಕಣ್ಣಿಗೆ ಕಾಣುತ್ತೋ ಇಲ್ಲವೋ, ನೋಡು.

ಜಗಲಿ ಮೇಲೆ ಜೊತೆಗಿಡ್ತೀಯಾ? ಇಡು, ನನಗೇನು... ನೆಲ ಸಮ ಇಲ್ಲ ಅಲ್ಲಿ, ಇತ್ತ ಇಡು. ಹಾಂ. ಮೇಲಿನ ತುದಿ ಎರಡೂ ಗೋಡೆಗೆ ತಾಗಿಸಿಟ್ಟೆಯಾ? ಸರಿ.

ಹೌದು, ಬುಡದಲ್ಲಿ ಇದು ಗಿಡ್ಡ. ಅರ್ಧ ಬೆರಳು. ಅದನ್ನ ನಾನೂ ನೋಡ್ತಿದ್ದೀನಿ. ಬೆರಳಿಟ್ಟು ತೋರಿಸೋದು ಬೇಡ.

ಮರ ಅಲ್ಲವಾ, ಕುಗ್ಗುತ್ತೆ. ಅಟ್ಟದ ಮೇಲೆ ವರ್ಷವಿಡೀ ಒಲೆ ಕಾವು. ಕುಗ್ಗದೆ ಇರುತ್ತಾ?

ಕಚ್ಚು ಯಾಕೆ ಮುಟ್ಟಿ ಮುಟ್ಟಿ ತೋರಿಸ್ತೀಯ? ಕಚ್ಚಿಗೆ ಕಚ್ಚು ಕೂಡ್ತಾ ಇದೆ, ಆರೂ ಕೂಡ್ತಾ ಇದೆ. ಅದಕ್ಕೇನೀಗ? ಮರ ಕುಗ್ಗಿದರೆ ಕಚ್ಚೂ ಜಾರಬೇಕಿತ್ತು ಅಂತಲಾ? ಜಾರಬೇಕಿತ್ತು... ಇರಬಹುದು. ಹಾಗಾದರೆ ಸವೆದಿರಬೇಕು. ಹನ್ನೊಂದು ವರ್ಷ ಸೂರಿನಂಚಿಗೆ ಕುಟ್ಟಿ ಕುಟ್ಟಿ ಬುಡ ಸವೆಯಲ್ಲವಾ? ನಿನ್ನದು ಸವೆದಿಲ್ಲ ಅಂದರೆ ನೀನು ಮೆಲ್ಲಗೆ ಇಡ್ತಿದ್ದೆ. ನಾನು ಜೋರು, ಕುಟ್ಟಿ ಇಡೋನು. ಕೈ ಅಂಥದ್ದು ನನ್ನದು.

ಅದೂ ಅಲ್ಲ ಅಂದರೆ ನೀನು ಕೆತ್ತುವಾಗಲೇ ಗಿಡ್ಡ ಮಾಡಿದ್ದೆ. ಅದೇ ಸರಿ. ಅದೇ ನಾನು ಮೊದಲಿಂದ ಹೇಳ್ತಿರೋದು. ನಿನಗೆ ಕಾಣಲಿಲ್ಲ. ಅವಳಿ ಅಂತ ಕೆತ್ತಿದೆ, ಒಂದು ಉದ್ದ ಬಂತು, ಒಂದು ಗಿಡ್ಡ ಬಂತು. ಹೋಗಿ ಸೋಮಶೇಖರಪ್ಪನವರಿಗೆ ಹಾಗೇ ಹೇಳು. ನನ್ನ ಕೈಯೇ ತಪ್ಪಿತ್ತು ಧಣಿ, ಇನ್ನು ಏಣಿ ಹತ್ತಲ್ಲ ಅಂತ. ತಲೆ ತಗ್ಗಿಸಿ ಹೇಳು, ಮಾನವಾಗಿ ಮನೆಯಲ್ಲಿ ಕೂತ್ಕೊ.

ಏನು, ಮಾತಾಡು ಮಾರಾಯ.

ನಾನು ಕೊಯ್ದೆ ಅಂತೀಯಾ? ಅನ್ನಲಿಲ್ಲ, ಗೊತ್ತು. ಆದರೆ ಮುಖ ಅಂತಿದೆ. ಗರಗಸ ಇಟ್ಟು ಅರ್ಧ ಬೆರಳು ಕೊಯ್ದು, ನೀನು ಊಟಕ್ಕೆ ಇಳಿದಾಗ... ಛೆ. ನೋಡು ಇಲ್ಲಿ, ನಿನಗೇ ತೋರಿಸ್ತೀನಿ. ಎರಡು ಕೋಲಿನ ಬುಡಕ್ಕೂ ನೀನು ಏನು ಹಚ್ಚಿದ್ದೆ? ಗೇರು. ಅಗಸರು ಬಟ್ಟೆಗೆ ಕಪ್ಪು ಗುರುತು ಹಾಕೋ ಗೇರು, ಗೆದ್ದಲು ಹಿಡೀಬಾರದು ಅಂತ. ಒಂದು ಸಲ ಹಚ್ಚಿದರೆ ಎಷ್ಟು ನೀರು ಬಿದ್ದರೂ ಹೋಗಲ್ಲ, ಎಷ್ಟು ತಿಕ್ಕಿದರೂ ಹೋಗಲ್ಲ. ಕೊಯ್ದಿದ್ದರೆ ಬುಡ ಹಳದಿ ಇರಬೇಕಿತ್ತು, ಹಲಸಿನ ತಿರುಳು. ನೋಡು, ಕಪ್ಪಗಿದೆ. ನಿನ್ನದು ಎಷ್ಟು ಕಪ್ಪೋ ನನ್ನದೂ ಅಷ್ಟೇ ಕಪ್ಪು. ಮುಗೀತಲ್ಲ?

ಮುಗೀತು ಅಂದೆ.

ನೀರು ಕುಡೀತೀಯಾ? ಕುಡಿ ಕುಡಿ, ಅದಕ್ಕೇ ಇಟ್ಟಿರೋದು. ಬೆಲ್ಲ ಬಾಯಿಗೆ ಹಾಕ್ಕೊ ಮೊದಲು...

ಚೊಂಬಿಗೆ ಹೆಬ್ಬೆರಳು ಯಾಕೆ ಅದ್ದಿದೆ? ಕುಡಿಯೋ ನೀರು ಅದು.

ನಿನ್ನ ಕೋಲಿನ ಬುಡ ಯಾಕೆ ತಿಕ್ತೀಯ? ಅದು ಹೋಗಲ್ಲ ಅಂತ ಈಗ ತಾನೆ ಹೇಳಿದೆನಲ್ಲ. ನೋಡು, ಬೆರಳು ಹಾಗೇ ಇದೆ. ಸ್ವಚ್ಛವಾಗಿದೆ. ಗೇರು ಅಂದರೆ ಗೇರು. ಸಾಕು ಬಿಡು.

ನನ್ನ ಕೋಲು ಯಾಕೆ ಎತ್ತಿದೆ, ಅದನ್ನ ಬಿಡು. ಕೊಡು ಇಲ್ಲಿ, ಒಳಗಿಡ್ತೀನಿ. ಮತ್ತೆ ಯಾಕೆ ಅದ್ದಿದೆ... ಗುರುವಣ್ಣ, ಅದನ್ನ ತಿಕ್ಕಬೇಡ. ಅಟ್ಟದ ಮೇಲಿತ್ತು, ಹೊಗೆ ಕೂತಿರುತ್ತೆ, ಮಸಿ ಬಂದರೆ ಅದು ಹೊಗೆ ಮಸಿ, ಅದಕ್ಕೆ ನಾನು...

...

ನಿನ್ನ ಬೆರಳಿಗೆ ಹತ್ತಿದ್ದು ಹೊಗೆ ಮಸಿಯೇ.

ಕೋಲಿನ ನಡುವೆ ಯಾಕೆ ಒರೆಸಿ ತೋರಿಸ್ತೀಯ. ಅಲ್ಲಿ ಮಸಿ ಇಲ್ಲ, ಕಾಣುತ್ತೆ ನನಗೆ. ಚಾಪೆ ಸುತ್ತಿತ್ತಲ್ಲ. ಬುಡಕ್ಕೆ ಮಾತ್ರ... ಬುಡ ಚಾಪೆಯಿಂದ ಹೊರಗೆ ಇತ್ತೋ ಏನೋ. ದ್ಯಾವೀ, ಬುಡ ಹೊರಗಿತ್ತಲ್ಲವಾ? ಹೇಳೇ. ಯಾಕೆ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೀಯ? ಅವತ್ತು ನಾನು ದೀಪದ ಮಸಿ ತೆಗೆದದ್ದು ಯಾಕೆ ಅಂತ ಈಗ ಕೇಳಬೇಡ. ಒಳಗೆ ಹೋಗು ಅಂದೆನಲ್ಲ.

ಗುರುವಣ್ಣ, ಇನ್ನು ತಿಕ್ಕಬೇಡಿ. ಹಳದಿ ಕಾಣ್ತಾ ಇದೆ. ಗರಗಸದ ಗೆರೆಯೂ ಕಾಣ್ತಾ ಇದೆ. ಸಾಕು.

ಏನಾದರೂ ಅನ್ನಿ. ಬೈಯಿರಿ. ಹನ್ನೊಂದು ವರ್ಷ ಒಂದು ಸಲವೂ ಬೈಯಲಿಲ್ಲ ನೀವು. ಸೊಟ್ಟ ಮೊಳೆ ಹೊಡೆದರೆ ನೀವೇ ಕಿತ್ತು ನೀವೇ ಹೊಡೀತಿದ್ರಿ, ಮಾತಿಲ್ಲದೆ. ಎಲ್ಲರೂ ನೋಡ್ತಿದ್ರು. ಆ ಇನ್ನೊಂದು ಕೊನೆ ಹಿಡಿದವನು ಯಾರು ಅಂತ ಯಾರಾದರೂ ಕೇಳಿದ್ರಾ, ಒಂದು ದಿನ? ಬರೀ ಗುರುವಯ್ಯನ ಸಾಲು, ಗುರುವಯ್ಯನ ಸಾಲು...

ಕೋಲು ಎರಡೂ ಟವೆಲಿಗೆ ಸುತ್ತಿಕೊಳ್ತೀರಾ? ಸುತ್ತಿಕೊಳ್ಳಿ. ಅವು ನಿಮ್ಮವೇ. ದೊರೆಗಳ ಹತ್ತಿರ ಹೋಗ್ತೀರಾ, ಇಲ್ಲಾ ನೇರ ಸಂಸೆಗಾ? ಅದನ್ನಾದರೂ ಹೇಳಿ. ಬೆರಳು ತೊಳ್ಕೊಳ್ಳಿ, ಹಂಡೆಯಲ್ಲಿ ನೀರಿದೆ. ಆ ಮಸಿ ಬೆರಳು ಹಾಗೇ ಹಿಡ್ಕೊಂಡು ಕೂಲಿ ಲೈನಿನ ಮನೆಗಳ ಮುಂದೆ ನಡೀಬೇಡಿ, ಎಲ್ಲರೂ ಕೇಳ್ತಾರೆ.

ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ ಅಣ್ಣ.

ಕೂತ್ಕೊಳ್ಳಿ. ದ್ಯಾವೀ, ಈ ನೀರು ಚೆಲ್ಲು, ಬೇರೆ ನೀರು ತಾ... ಕುಡಿಯದೆ ಹೋಗಬೇಡಿ. ಗುರುವಣ್ಣ, ಒಂದು ಗುಟುಕು.